ಗಾಳಿ ಮೇಲಕ್ಕೇ ಹೋಗುತ್ತೆ

…ಆಣೆ ಮಾಡಿ ಹೇಳ್ತೀನಿ ಮಗಳೇ, ಇದರಲ್ಲಿ ಒಂದಕ್ಷರ ಸುಳ್ಳಿದ್ರೂ ಈ ಸ್ಕ್ರೂಡ್ರೈವರ್ ನನ್ನ ಕೈಯಲ್ಲೇ ಪುಡಿಪುಡಿ ಆಗಲಿ! ಫೋನಿನಲ್ಲಿ… ಬರೀ ಫೋನಿನಲ್ಲಿ ಕೇಳಿ ಹೇಳಿದ್ದೆ. 'ಸ್ವಾಮಿ, ನಿಮ್ಮ ಕಂಪ್ಯೂಟರಿನ ಹಿಂದಿನ ಫ್ಯಾನ್ ಇದೆಯಲ್ಲ, ಅದರ ಬೇರಿಂಗ್ ಒಣಗಿದೆ. ಅದಿರಲಿ, ನಿಮ್ಮ ಅಡುಗೆಮನೆ ನಲ್ಲಿ ತೊಟ್ಟಿಕ್ತಾ ಇದೆ, ಮೊದಲು ಹೋಗಿ ಅದನ್ನ ತಿರುವಿ ಬನ್ನಿ' ಅಂತ. ಫೋನ್ ಮಾಡಿದ್ದ ಆ ವಕೀಲರು ಎದ್ದು ಹೋಗಿ ನೋಡ್ತಾರೆ… ತೊಟ್ಟಿಕ್ತಾ ಇತ್ತು! ಯಾಕೆ ನಗ್ತೀಯ? ಬೇಕಾದ್ರೆ ನಿಮ್ಮಮ್ಮನ್ನ ಕೇಳು, ಅತ್ತಿಗೆ ಆವಾಗ ನಮ್ಮ ಅಂಗಡೀಲೇ ಕೂತಿದ್ರು. ನಗು, ಪರವಾಗಿಲ್ಲ, ನಗು. ನಾನು ಬಂದಾಗಿನಿಂದ ನೀನು ಮುಖ ಊದಿಸ್ಕೊಂಡೇ ಇದ್ದೆ. ಚಿಕ್ಕಪ್ಪನ ಬೆಲೆ ಈಗ ಗೊತ್ತಾಯ್ತಾ?

ಎಷ್ಟು ಗಂಟೆ? ಎರಡೂವರೆ. ನಿನ್ನ ಗಡುವು ಐದಕ್ಕೆ ತಾನೆ? ಬೇಕಾದಷ್ಟು ಹೊತ್ತಿದೆ. ನಾಲ್ಕು ಮಹಡಿ ಹತ್ತಿ ಬಂದ ಮಂಡಿಗೆ ಹತ್ತು ನಿಮಿಷ, ಉಸಿರಿಗೆ ಐದು ನಿಮಿಷ, ಉಳಿದದ್ದೆಲ್ಲ ನಿನ್ನ ಕಂಪ್ಯೂಟರಿಗೆ. ಅಬ್ಬಾ… ಈ ಮೆಟ್ಟಿಲು ಕಟ್ಟಿದವನು ಸಿಕ್ಕಿದ್ರೆ ಅವನ ಬೆನ್ನಿಗೂ ಈ ಚೀಲ ಹೇರಿ ಹತ್ತಿಸ್ತೀನಿ. ಇರಲಿ. ಆ ಆಡಿಯೋ ಪುಸ್ತಕದ ಕಂಪನಿಯವರು ಬರೆದು ಕಳಿಸಿದ್ದಾರಲ್ಲ, ಅದನ್ನ ಇನ್ನೊಂದು ಸಲ ತೋರಿಸು. ಕನ್ನಡಕ… ಹ್ಞಾ. 'ಓದುವ ದನಿ ಬಹಳ ಚೆನ್ನಾಗಿದೆ. ಆದರೆ ಹಿಂದಿನಿಂದ ನೀರು ಗುಳುಗುಳು ಎನ್ನುತ್ತಿದೆ. ಕಥಾನಾಯಕ ಮರುಭೂಮಿಯಲ್ಲಿ ಬಾಯಾರಿ ಸಾಯುತ್ತಿದ್ದಾನೆ, ಅವನ ಪಕ್ಕದಲ್ಲೇ ಯಾರೋ ಗಟಗಟ ನೀರು ಕುಡಿಯುತ್ತಿರುವಂತಿದೆ.' ಹಹ್ಹಾ! ಪಾಪ, ಅವನಿಗೂ ಒಂದು ಗುಟುಕು ಕೊಡಬಾರದಿತ್ತಾ ಕುಡಿಯೋರು!

ಸರಿ… ಸರಿಯಮ್ಮ. ನಗಲ್ಲ. ಹಾಗೆ ಕಣ್ಣು ತುಂಬ್ಕೋಬೇಡ. ಗೊತ್ತು ನನಗೆ, ಇಪ್ಪತ್ತು ಪುಸ್ತಕ ಓದೋ ಕೆಲಸ ಇದು, ಆರು ತಿಂಗಳು ಕಾದು ಗಿಟ್ಟಿಸ್ಕೊಂಡಿದ್ದು. ಇವತ್ತು ಐದರೊಳಗೆ ಅದೇ ಅಧ್ಯಾಯ ಚೊಕ್ಕಟವಾಗಿ ಓದಿ ಕಳಿಸದೇ ಇದ್ರೆ ಬೇರೆ ಯಾರಿಗೋ ಕೊಡ್ತಾರೆ. ಗೊತ್ತು. ಅದಕ್ಕೇ ತಾನೆ ಅಂಗಡಿ ಬಾಗಿಲು ಎಳೆದು ಬಂದಿದ್ದು?

ಈ ಕಡೆ ಬಾ, ಕಿಟಕಿ ಹತ್ರ. ಅಲ್ಲಲ್ಲ, ನನ್ನ ಬೆನ್ನ ಹಿಂದೆ ನಿಲ್ಲಬೇಡ, ಕೆಲಸ ಮಾಡೋವಾಗ ಹಿಂದೆ ಯಾರಾದ್ರೂ ನಿಂತ್ರೆ ನನ್ನ ಕೈ ಓಡಲ್ಲ. ಎದುರಿಗೆ ಕೂತ್ಕೋ. ಹಾಗೆ, ಮುಖಕ್ಕೆ ಬೆಳಕು ಬೀಳೋ ಹಾಗೆ. ಮಾತಾಡೋವಾಗ ಬಾಯಿಗೆ ಕೈ ಅಡ್ಡ ಇಟ್ಕೋತೀಯಲ್ಲ, ಹಲ್ಲು ಬಿದ್ದ ವಯಸ್ಸಿನ ಅಭ್ಯಾಸ, ಇನ್ನೂ ಬಿಟ್ಟಿಲ್ಲ ನೀನು. ಕೈ ತೆಗಿ. ಹ್ಞಾ, ಈಗ ಹೇಳು.

ಈ ರೇಡಿಯೇಟರನ್ನ ಕಂಪ್ಯೂಟರ್ ಪೆಟ್ಟಿಗೆಯ ಎದುರಿಗೆ ಯಾಕೆ ಹಾಕಿದ್ದು ಅಂತಾನಾ? ಒಳ್ಳೇ ಪ್ರಶ್ನೆ ಕೇಳಿದೆ. ನೋಡು, ಇದು ತಲೆಬಿಸಿ ಇಳಿಸೋ ಯಂತ್ರ. ಇಗೋ, ನಡುವೆ ಕೂತಿರೋ ಈ ದುಂಡನೆ ಡಬ್ಬಿ ಪಂಪು, ಇದರ ಅಡಿಯಲ್ಲಿದೆ ಪ್ರೊಸೆಸರ್. ಅದು ಯೋಚನೆ ಮಾಡಿ ಮಾಡಿ ಬಿಸಿಯಾಗುತ್ತೆ, ನಿಮ್ಮಪ್ಪನ ಹಾಗೆ. ಪಂಪಿನ ನೀರು ಆ ಬಿಸೀನ ಈ ಎರಡು ಪೈಪಿನಲ್ಲಿ ಹೊತ್ಕೊಂಡು ಹೋಗಿ ರೇಡಿಯೇಟರಿಗೆ ಕೊಡುತ್ತೆ, ಅಲ್ಲಿ ಫ್ಯಾನು ಊದಿ ಆರಿಸುತ್ತೆ. ಅಷ್ಟೇ ಕಥೆ. ರೇಡಿಯೇಟರ್ ಎಲ್ಲಿ ಕೂರಿಸಬೇಕು ಅನ್ನೋದರಲ್ಲೇ ಜಗಳ ಇರೋದು. ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅಂತಾರಲ್ಲ, ಹಾಗೆ. ಎದುರಿಗೆ ಹಾಕಿದ್ರೆ ಹೊರಗಿನ ತಣ್ಣನೆ ಗಾಳಿ ಸಿಗುತ್ತೆ ಅಂತ ಒಂದು ಪಕ್ಷ. ಮಾಡಿನಲ್ಲಿ, ಅಂದ್ರೆ ಪೆಟ್ಟಿಗೆಯ ಮೇಲ್ಭಾಗದಲ್ಲಿ ಹಾಕು, ಬಿಸಿಗಾಳಿ ತಾನಾಗೇ ಮೇಲೆ ಹೋಗುತ್ತೆ ಅಂತ ಇನ್ನೊಂದು ಪಕ್ಷ. ಅಡಿಯಲ್ಲಿ ಹಾಕೋರೂ ಇದಾರೆ… ಅವರನ್ನ ಮನುಷ್ಯರ ಲೆಕ್ಕಕ್ಕೆ ಸೇರಿಸ್ಬೇಡ.

ನಾನು ಎದುರಿಗೆ ಹಾಕಿದೆ. ತಪ್ಪೇನಿಲ್ಲ ಅದರಲ್ಲಿ! ಮೂವತ್ತು ವರ್ಷದಲ್ಲಿ ನಾನು ಜೋಡಿಸಿದ ಪೆಟ್ಟಿಗೆ ಒಂದರ ಮೇಲೊಂದು ಇಟ್ರೆ ಅದರ ತುದಿಯಲ್ಲಿ ನಿಂತು ಚಂದ್ರನ ಧೂಳು ಒರೆಸಬಹುದು. ಆದ್ರೆ… ಹೂಂ. ಪೈಪಿನ ಬಾಯಿ ಮೇಲೆ ಬರೋ ಹಾಗೆ ನಿಲ್ಲಿಸಿದೆ. ಅದು ತಪ್ಪು. ಒಪ್ಕೋತೀನಿ. ಪೈಪು ಕೆಳಗೆ ಬರಬೇಕಿತ್ತು. ಆದ್ರೆ ನಿನ್ನ ಈ ಗ್ರಾಫಿಕ್ಸ್ ಕಾರ್ಡು, ಇದೇನು ಕಾರ್ಡೋ ಊಟದ ಬೆಂಚೋ, ಇಷ್ಟುದ್ದ ಅಡ್ಡ ಮಲಗಿದೆ. ಕೆಳಗಿಂದ ಸುತ್ತಿ ಬರೋಕೆ ಪೈಪು ಸಾಲಲಿಲ್ಲ. ತಿರುಗಿಸಿಟ್ಟೆ.

ಯಾಕೆ ತಪ್ಪು ಅಂದ್ರೆ… ಈ ನೀರಿನ ಜೊತೆ ಒಂದಿಷ್ಟು ಗಾಳಿ ಇದ್ದೇ ಇರುತ್ತೆ, ಹೊಸದರಲ್ಲೂ. ಗಾಳಿ ಎಲ್ಲಿಗೆ ಹೋಗುತ್ತೆ? ಮೇಲಕ್ಕೆ. ಏನೇ ಮಾಡು, ಅದು ಮೇಲಕ್ಕೇ ಹೋಗುತ್ತೆ. ಮೇಲೆ ಪೈಪಿನ ಬಾಯಿ ಇದ್ರೆ ಅಲ್ಲೇ ಕೂರುತ್ತೆ, ನೀರಿನ ಜೊತೆ ಒಳಗೆ ಹೋಗುತ್ತೆ, ಬರುತ್ತೆ, ಗುಳುಗುಳು ಅನ್ನುತ್ತೆ. ಎಷ್ಟೋ ದಿನ ಹೀಗೇ ಬಿಟ್ರೆ ಪಂಪೂ ಕೆಡುತ್ತೆ. ಅದೇ ರೇಡಿಯೇಟರನ್ನ ಮಾಡಿಗೆ ಮಲಗಿಸು: ಗಾಳಿಯೆಲ್ಲ ಅದರ ಮೂಲೆಯಲ್ಲಿ ಹೋಗಿ ತೆಪ್ಪಗೆ ಕೂರುತ್ತೆ, ಅಟ್ಟದ ಮೇಲೆ ಹಳೇ ಸಾಮಾನು ಕೂತ ಹಾಗೆ. ಯಾರಿಗೂ ತೊಂದರೆ ಇಲ್ಲ. ಎರಡು ಮೂರು ಡಿಗ್ರಿ ಬಿಸಿ ಜಾಸ್ತಿ ಆಗಬಹುದು, ಆಗಲಿ ಬಿಡು, ಅದರ ಮೇಲೇನು ದೋಸೆ ಹುಯ್ಬೇಕಾ? ನಿನಗೆ ಬೇಕಾಗಿರೋದು ಸದ್ದಿಲ್ಲದಿರೋದು.

ಏನು? ಗೊತ್ತಿದ್ದೂ ಯಾಕೆ ಹಾಗೆ ಬಿಟ್ಟೆ ಅಂತಾನಾ…

ಆ ಚಪ್ಪಟೆ ಮೂತಿಯ ಸ್ಕ್ರೂಡ್ರೈವರ್ ಕೊಡು. ಅದಲ್ಲ, ಕೆಂಪು ಹಿಡಿಕೆಯದು. ಹ್ಞಾ. ಗೊತ್ತಿದ್ದೂ ಅಂದ್ರೆ… ಕೆಲವು ಸಲ ಹಾಗೆ ಹಾಕಿದ್ರೂ ಸದ್ದು ಬರಲ್ಲ ಕಣೇ. ಹತ್ತರಲ್ಲಿ ಆರಕ್ಕೆ ಬರಲ್ಲ. ಅದಕ್ಕೇ ಜೋಡಿಸಿದ ಮೇಲೆ ಅರ್ಧ ದಿನ ಓಡಿಸಿ ನೋಡ್ತೀವಿ. ಓಡಿಸಿದ್ದೆ. ನಿನ್ನದನ್ನೂ ಓಡಿಸಿದ್ದೆ. ಅಂಗಡಿ ಮೇಜಿನ ಮೇಲೆ, ನನ್ನ ಮೂಗಿನ ಕೆಳಗೇ ಓಡ್ತಿತ್ತು. ಆವಾಗ ಏನೂ ಇರಲಿಲ್ಲ ನೋಡು.

ಎಲ್ಲಿಗೆ ಎದ್ದೆ? ಹೇಳ್ತಾ ಇದೀನಲ್ಲ, ನಡುವೆ ಎದ್ದು… ಓ. ಬಾಗಿಲಲ್ಲಿ ಯಾರೋ ಬಂದಿದಾರೆ. ಹೋಗು ಹೋಗು.

ಕೆಳಗಿನ ಮನೆಯ ಟೀಚರ್ರಾ? ಏನಂತೆ? ನಾನು ಕೂಗಾಡ್ತಿದೀನಾ! ಇದು ಕೂಗಾಟವಾ? ಇದು ನನ್ನ ಮಾಮೂಲಿ ದನಿ. ಪಕ್ಕದಲ್ಲಿ ಗ್ರಿಲ್ ಬೆಸುಗೆ ಹಾಕೋನ ಅಂಗಡಿ ಇದೆಯಲ್ಲ, ಅವನ ಜೊತೆ ಮೂವತ್ತು ವರ್ಷ ಮಾತಾಡಿ ಹೀಗಾಗಿದೆ. ಸರಿ, ಮೆಲ್ಲಗೆ ಮಾತಾಡ್ತೀನಿ. ಎಷ್ಟು ಸಲ ಬೆಲ್ ಮಾಡಿದ್ರಂತೆ? ಐದು ಸಲವಾ… ನಾನು ಕೆಲಸದಲ್ಲಿ ಮುಳುಗಿದ್ರೆ ಹಾಗೇ ಕಣೇ, ಪಕ್ಕದಲ್ಲಿ ಮದ್ದಿನ ಮನೆ ಸಿಡಿದ್ರೂ ತಲೆ ಎತ್ತಲ್ಲ. ನೀನೇನು, ಮೊದಲನೇ ಬೆಲ್ಲಿಗೇ ಏಳಬಾರದಿತ್ತಾ? ನನ್ನನ್ನ ನೋಡ್ತಿದ್ದೆಯಾ? ನನ್ನಲ್ಲೇನಿದೆ ನೋಡೋಕೆ, ಬೋಳುತಲೆ ಬಿಟ್ಟು?

ಇದನ್ನ ಹಿಡ್ಕೋ. ಎರಡೂ ಕೈಯಲ್ಲಿ, ಮಗೂನ ಹಿಡಿದ ಹಾಗೆ. ರೇಡಿಯೇಟರಿನ ರೆಕ್ಕೆ ಮುಟ್ಟಬೇಡ, ತೆಳು ತಗಡು, ಬಗ್ಗುತ್ತೆ. ಪಂಪು ಬಿಚ್ಚೋದೇ ಬೇಡ, ಪೈಪು ಉದ್ದ ಸಾಕು, ಮೇಲಕ್ಕೆ ಆರಾಮಾಗಿ ಬರುತ್ತೆ. ನಾನು ಮಾಡಿನ ತೂತಿಗೆ ಕೂರಿಸ್ತೀನಿ… ಸ್ವಲ್ಪ ಎಡಕ್ಕೆ… ತಾಗ್ತಿದೆಯಾ? ಇಲ್ಲಿ ರ‍್ಯಾಮ್ ಕಡ್ಡಿ ನಿಂತಿದೆಯಲ್ಲ, ಅದರ ನೆತ್ತಿಗೂ ಫ್ಯಾನಿಗೂ ನಡುವೆ ಒಂದು ನೂಲು ಜಾಗ. ಒಂದು ನೂಲು! ಸಾಕು. ಇನ್ನು ಎಂಟು ಸ್ಕ್ರೂ.

ಅಯ್ಯೋ ಬೆನ್ನೇ… ತಡಿ. ಸುಸ್ತಾಯ್ತು ಕಣೇ. ಇಲ್ಲ, ನೀರು ಬೇಡ. ನೀರು ಅಂದ್ರೇನೇ ಇವತ್ತು ನನಗೆ ಆಗ್ತಿಲ್ಲ. ಕೆಲಸದ ಸುಸ್ತಲ್ಲ ಇದು. ಇತ್ತೀಚೆಗೆ ಸಂಜೆ ಹೊತ್ತಿಗೆ ದವಡೆ ನೋಯುತ್ತೆ, ಕಣ್ಣು ನೋಯುತ್ತೆ. ನಗಬೇಕಲ್ಲ ದಿನವಿಡೀ. ಗಿರಾಕಿ ನಕ್ರೆ ನಗಬೇಕು, ಹುಬ್ಬು ಗಂಟಿಕ್ಕಿದ್ರೆ ಗಂಟಿಕ್ಕಬೇಕು, ತಲೆಯಾಡಿಸಬೇಕು… ವ್ಯಾಪಾರ ಅಂದ್ರೆ ಹಾಗೇ. ನಿಮ್ಮ ಚಿಕ್ಕಮ್ಮ ಹೇಳ್ತಾಳೆ, 'ಮನೇಲಿ ಒಂದು ಗಳಿಗೆ ಬಾಯಿ ಮುಚ್ಕೊಂಡು ಕೂರಿ, ನಾನೂ ಒಂದು ಮಾತಾಡ್ತೀನಿ' ಅಂತ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತ ಗಾದೆನೇ ಇದೆ ಅಂತೀನಿ ನಾನು. ಏನು ಹೇಳಿದ್ಲು ಅದಕ್ಕೆ? ಏನೋ ಹೇಳಿದ್ಲು. ಒಲೆ ಕಡೆ ತಿರುಗಿ ಹೇಳಿದ್ಲು.

ಹ್ಞಾ, ಆ ಸ್ಕ್ರೂ ಕೊಡು. ನಾಲ್ಕನೇದು. ನೀನು ಫೋನ್ ಮಾಡಿದ್ದೆ, ನಾನು ತೆಗೀಲಿಲ್ಲ ಅಂತ ಕೋಪ ತಾನೆ? ಮುಖದಲ್ಲೇ ಬರೆದಿದೆ. ಬರೆದು ಕಳಿಸು ಅಂದಿದ್ದೆ ಅಷ್ಟೇ. ಬರೆದದ್ದು ಉಳಿಯುತ್ತೆ, ಆಡಿದ್ದು ಗಾಳಿಗೆ ಹೋಗುತ್ತೆ. ನೀನು ಬರೆದೆ, 'ಚಿಕ್ಕಪ್ಪ, ಕಂಪ್ಯೂಟರ್ ಸದ್ದು ಮಾಡ್ತಿದೆ, ರೆಕಾರ್ಡ್ ಮಾಡಿ ಕಳಿಸಿದೀನಿ, ಕೇಳಿ' ಅಂತ. ನಾನು ಕೇಳಿದೆ! ಒಂದು ಸಲ ಅಲ್ಲ, ಹತ್ತು ಸಲ ಕೇಳಿದೆ. ಎದ್ದು ಬಾಗಿಲು ಹಾಕಿ, ಫ್ಯಾನ್ ಆರಿಸಿ, ಫೋನನ್ನ ಕಿವಿಗೆ ಒತ್ತಿ ಹಿಡಿದು ಹತ್ತು ಸಲ. ಆಮೇಲೇ ಬರೆದಿದ್ದು, 'ಏನೂ ಇಲ್ಲ ಮಗಳೇ, ಎಲ್ಲ ಸರಿಯಾಗಿದೆ, ಧೈರ್ಯವಾಗಿ ಓದು' ಅಂತ.

ಓದಿದೆ ನೀನು. ನನ್ನ ಮಾತು ನಂಬಿ ಮೂರು ಗಂಟೆ ಓದಿದೆ.

ಆ ಕಡೆ ತಿರುಗಬೇಡ, ನನ್ನ ಕಡೆ ನೋಡು.

ಬೈದುಬಿಡು ಬೇಕಾದ್ರೆ. ನಿಮ್ಮಪ್ಪ ನನ್ನ ಅಣ್ಣ, ಎಷ್ಟೋ ಬೈದಿದಾನೆ, ಒಂದೂ ತಾಗಿಲ್ಲ. ನೀನೂ ಬೈಯಿ. ಈ ನೀರಿನ ಯಂತ್ರ ಹಾಕ್ಕೋ ಹಾಕ್ಕೋ ಅಂತ ನಿನ್ನ ಹಿಂದೆ ಬಿದ್ದೋನೂ ನಾನೇ ಅಲ್ವಾ? 'ಫ್ಯಾನಿನ ಭರಾಟೆ ಇರಲ್ಲ, ಗುಡಿಯ ಹಾಗೆ ನಿಶ್ಶಬ್ದ ಇರುತ್ತೆ, ನಿನ್ನ ದನಿಗೆ ಇದೇ ಸರಿ' ಅಂತ. ನನ್ನ ಬಾಯಿಗಿಷ್ಟು ಬೆಂಕಿ ಹಾಕ.

ಆರು… ಏಳು… ಎಂಟು. ಆಯ್ತು! ಫ್ಯಾನಿನ ತಂತಿ ಇಲ್ಲಿಗೆ, ಪಂಪಿನದು ಇಲ್ಲಿಗೆ. ಒತ್ತು ಗುಂಡಿ. ಒತ್ತಮ್ಮ, ನಿನ್ನ ಕೈಯಿಂದಲೇ ಆಗಲಿ.

ನೋಡಿದ್ಯಾ? ನೋಡಿದ್ಯಾ! ಬಂತು ದೀಪ. ಮೂವತ್ತೆರಡು, ಮೂವತ್ಮೂರು ಡಿಗ್ರಿ… ಸಾಕ್ಷಾತ್ ಹಿಮಾಲಯ. ಪೈಪಿನ ಮೇಲೆ ಬೆರಳಿಟ್ಟಿದೀನಿ, ನೀರು ಎಷ್ಟು ಚೆನ್ನಾಗಿ ಹರೀತಿದೆ ಗೊತ್ತಾ, ನಾಡಿ ಹಿಡಿದ ಹಾಗೆ ತಿಳಿಯುತ್ತೆ. ಸದ್ದು? ಎಲ್ಲಿ ಸದ್ದು? ಬೆಣ್ಣೆಯಲ್ಲಿ ಕೂದಲು ಎಳೆದ ಹಾಗಿದೆ. ಕೇಳು… ಕೇಳು ಈ ನಿಶ್ಶಬ್ದಾನ! ಇದನ್ನೇ ರೆಕಾರ್ಡ್ ಮಾಡಿ ಆ ಕಂಪನಿಯವರಿಗೆ ಕಳಿಸು, 'ನನ್ನ ಚಿಕ್ಕಪ್ಪನ ಕೈಕೆಲಸ' ಅಂತ.

ಏನು? ಹೌದಮ್ಮ, ಮೇಲೆ ಹಾಕಿದ್ದೇ ಸರಿಯಾಯ್ತು. ಅದನ್ನೇ ಹೇಳಿದ್ದಲ್ಲ ನಾನು.

ಹೂಂ? ಇಲ್ಲ, ಟೀ ಬೇಡ. ನಿನಗೆ ಹೊತ್ತಾಗುತ್ತೆ, ನೀನು ಓದೋಕೆ ಕೂರು.

ಏನು, ಕನ್ನಡಕವಾ? ಹಣೆ ಮೇಲಿದೆ, ಗೊತ್ತು ನನಗೆ. ಯಾಕೆ ಒಂದರ ಹಿಂದೊಂದು ಹೀಗೆ ಪ್ರಶ್ನೆ ಕೇಳ್ತಿದೀಯ, ಪರೀಕ್ಷೆ ಮಾಡೋರ ಹಾಗೆ? ಚಿಕ್ಕಮ್ಮನ ಆರೋಗ್ಯಾನಾ? ಚೆನ್ನಾಗಿದಾಳೆ, ಮಂಡಿ ನೋವೊಂದು ಬಿಟ್ರೆ…

ಯಾಕೆ ಹಾಗೆ ನೋಡ್ತಿದೀಯ?

ಯಾಕಮ್ಮ? ಮುಖ ಯಾಕೆ ಹಾಗಾಯ್ತು? ಈಗ ತಾನೆ ಚೆನ್ನಾಗಿ ಮಾತಾಡ್ತಿದ್ದೆ…

ಕೈ ಯಾಕೆ ಗಂಟಲ ಮೇಲೆ ಇಟ್ಕೊಂಡೆ?

…

ದನಿ ತೆಗೆದಿರಲಿಲ್ಲ ನೀನು. ಅಲ್ವಾ? ಬರೀ ತುಟಿ ಆಡಿಸಿದ್ದೆ. ಟೀ ಅಂದಾಗಿನಿಂದಾನಾ? ಅದಕ್ಕೂ ಮೊದಲಿಂದ. ಓಹೋ… ನಾಲ್ಕಕ್ಕೂ ನಾನು ಪಟಪಟ ಉತ್ತರ ಕೊಟ್ಟೆ. ಶಹಬ್ಬಾಸ್! ನಮ್ಮ ವಂಶದಲ್ಲಿ ಬುದ್ಧಿ ನಿನಗೊಬ್ಬಳಿಗೇ ಬಂದಿರೋದು. ನಾಲ್ಕು ವರ್ಷದಿಂದ ನಿಮ್ಮ ಚಿಕ್ಕಮ್ಮನಿಗೇ ಸಿಕ್ಕಿಬಿದ್ದಿರಲಿಲ್ಲ ನಾನು.

ಅಳಬೇಡ. ಅಳೋವಾಗ ತುಟಿ ನಡುಗುತ್ತೆ, ನನಗೆ ಓದೋಕಾಗಲ್ಲ.

ಮೊದಲು ಎಡಗಿವಿ ಹೋಯ್ತು. ಸಣ್ಣ ಸದ್ದೆಲ್ಲ ಮೊದಲು ಹೋಗೋದು ಕಣೇ. ಕುಕ್ಕರಿನ ಸೀಟಿ, ಬೆಲ್ಲು, ಹಕ್ಕಿ… ಆಮೇಲೆ ಬಲಗಿವಿ. ಈಗ ಹತ್ತಿರದಲ್ಲಿ ಗಟ್ಟಿಯಾಗಿ ಮಾತಾಡಿದ್ರೆ ಏನೋ ಗೊಣಗುಟ್ಟಿದ ಹಾಗೆ ಬರುತ್ತೆ, ಉಳಿದದ್ದು ತುಟಿ ನೋಡಿ ತುಂಬಿಸ್ಕೋತೀನಿ. ಯಾರಿಗೆ ಹೇಳಲಿ? ಕಿವಿಯಿಂದಲೇ ಯಂತ್ರದ ಕಾಯಿಲೆ ಹಿಡೀತಾನೆ ಅಂತ ಜನ ನನ್ನ ಹತ್ರ ಬರೋದು. ಕಿವುಡ ಮೆಕ್ಯಾನಿಕ್ ಹತ್ರ ಯಾರು ಬರ್ತಾರೆ? ಅದಕ್ಕೇ ಮಾತಾಡ್ತೀನಿ. ನಾನೇ ಮಾತಾಡ್ತಾ ಇದ್ರೆ ಯಾರ ಮಾತೂ ಕೇಳಿಸ್ಕೋಬೇಕಾಗಿಲ್ಲ ನೋಡು. ಇಷ್ಟೆಲ್ಲ ಕಥೆ ಹೇಳ್ತೀನಲ್ಲ, ಎಲ್ರೂ ಅಂದ್ಕೋತಾರೆ ಇವನಿಗೆ ಬಾಯಿ ಚಪಲ ಅಂತ. ಅಂದ್ಕೊಳ್ಳಲಿ. ಸುಸ್ತಾಗುತ್ತೆ, ಅಷ್ಟೇ. ಬಹಳ ಸುಸ್ತಾಗುತ್ತೆ.

ಹೇಳು ಈಗ. ಮೆಲ್ಲಗೆ, ತುಟಿ ಬಿಡಿಸಿ ಹೇಳು. ಯಾಕೆ ಪರೀಕ್ಷೆ ಮಾಡಿದೆ? …ಇನ್ನೂ ಇದೆಯಾ? ಗುಳುಗುಳು ಇನ್ನೂ ಇದೆಯಾ! ನಾನು ಬೆಣ್ಣೆ, ಕೂದಲು ಅಂತ ಕುಣೀತಿದ್ದಾಗ ಅದು ಗುಳುಗುಳು ಅಂತಿತ್ತಾ? ಅಯ್ಯೋ ನನ್ನ… ನಗಬೇಡ. ಇಲ್ಲ, ನಗು. ಈಗ ನಗು ಪರವಾಗಿಲ್ಲ.

ಹೆದರಬೇಡ. ಪೈಪಿನಲ್ಲಿ ಸಿಕ್ಕಿರೋ ಗಾಳಿ ಅದು, ಹೊಸ ಜಾಗಕ್ಕೆ ಇನ್ನೂ ಹೋಗಿಲ್ಲ. ಗಂಟೆ ಮೂರೂಕಾಲು, ಆಗುತ್ತೆ. ನಾನು ಪೆಟ್ಟಿಗೇನ ಮೆಲ್ಲಗೆ ಆ ಕಡೆ ಈ ಕಡೆ ವಾಲಿಸ್ತೀನಿ. ನೀನು ಕೇಳು. ಕಣ್ಣು ಮುಚ್ಕೊಂಡು ಕೇಳು. ಸದ್ದು ಇರೋವರೆಗೂ ಕೈ ಮೇಲೆತ್ತಿರು, ಕಡಿಮೆ ಆದ ಹಾಗೆ ಇಳಿಸು. ನನಗೆ ಅದು ಸಾಕು, ನಿನ್ನ ಕೈ ನೋಡ್ಕೊಂಡು ವಾಲಿಸ್ತೀನಿ.

ಹ್ಞಾ… ಎಡಕ್ಕೆ. ಜಾಸ್ತಿ ಆಯ್ತಾ? ಆಗಲಿ, ಹೊರಡ್ತಿದೆ ಅಂತ ಅರ್ಥ. ಬಲಕ್ಕೆ… ಇಳೀತಿದೆ. ಭುಜದ ಮಟ್ಟ. ಇನ್ನೊಂದು ಸಲ ಎಡಕ್ಕೆ, ಮೆಲ್ಲಗೆ… ಎದೆಯ ಮಟ್ಟ. ಹೋಗಪ್ಪ ಗಾಳಿರಾಯ, ಮೇಲೆ ಹೋಗಿ ಕೂರು, ನಿನಗೂ ಒಂದು ಮೂಲೆ ಮಾಡಿಕೊಟ್ಟಿದೀನಿ… ಬಲಕ್ಕೆ…

ಕೆಳಗೆ ಬಂತು ಕೈ. ಪೂರ್ತಿ ಮಡಿಲಿಗೆ ಬಂತು. ನಿಂತಿತಾ?

ಇನ್ನೊಂದು ಸಲ ಕೇಳು. ನನ್ನ ಸಮಾಧಾನಕ್ಕೆ ತಲೆ ಆಡಿಸಬೇಡ. ಆ ಆಟ ನಾನು ನಾಲ್ಕು ವರ್ಷ ಆಡಿದೀನಿ, ನನಗೆ ಗೊತ್ತಾಗುತ್ತೆ. ನಿಂತಿದೆ? ನಿಜವಾಗಲೂ? ಸರಿ. ಹಾಗಿದ್ರೆ ಕೂರು, ಮೈಕು ಎಳ್ಕೋ. ನಾನು ಇಲ್ಲೇ ಗೋಡೆಗೆ ಒರಗಿರ್ತೀನಿ, ಉಸಿರೂ ಬಿಡಲ್ಲ. ನೀನು ಓದು. ಈ ಕಡೆ ಮುಖ ಮಾಡಿ ಓದು, ಆಯ್ತಾ? ಆ ಬಡಪಾಯಿ ಮರುಭೂಮಿ ದಾಟ್ತಾನೋ ಇಲ್ವೋ ನನಗೂ ಗೊತ್ತಾಗಲಿ.

ಏನು? ಹೂಂ. ಹೇಳ್ತೀನಿ, ಚಿಕ್ಕಮ್ಮನಿಗೆ ನಾನೇ ಹೇಳ್ತೀನಿ, ಇವತ್ತೇ. ಮತ್ತೆ… ಓದೋಕೆ ಶುರು ಮಾಡೋ ಮೊದಲು ಒಂದು ಮಾತು. ನಾನು ಹೇಳಿದ್ದೆಲ್ಲ ನಿಜ, ಆಣೆ ಸುಮ್ಮನೆ ಹಾಕಿಲ್ಲ. ಒಂದೇ ಒಂದು ಸಣ್ಣ ವಿಷಯ ಕಟ್ಟಿ ಹೇಳಿದೆ. ನೀನು ಕಳಿಸಿದ ರೆಕಾರ್ಡಿಂಗು. ಹತ್ತು ಸಲ ಹಾಕಿದ್ದು ನಿಜ. ಬಾಗಿಲು ಹಾಕಿದ್ದು, ಫ್ಯಾನ್ ಆರಿಸಿದ್ದು, ಫೋನನ್ನ ಕಿವಿ ಕೆಂಪಾಗೋ ಹಾಗೆ ಒತ್ತಿ ಹಿಡಿದಿದ್ದು, ಅದೂ ನಿಜ. ಕೇಳಿದೆ ಅಂದೆನಲ್ಲ… ಅದೊಂದು ಮಾತ್ರ.